ಒಂದು ಮಳೆಯ ಅವಧಿ, ಒಂದೇ ಜಾಗ: ದಿನನಿತ್ಯದಲ್ಲಿ ಬರಹದ ವಸ್ತು ಹುಡುಕುವ ಕ್ರಮ

"ಬರೆಯುವ ಆಸೆಯಿದೆ, ಚಿತ್ರ ಬಿಡಿಸುವ ಆಸೆಯೂ ಇದೆ, ಆದರೆ ದಿನವೂ ಅದೇ ಮನೆ, ಅದೇ ಆಫೀಸು, ಅದೇ ಬಸ್ಸು. ಹೊಸದೇನೂ ಕಣ್ಣಿಗೆ ಬೀಳದಿರುವಾಗ ಏನನ್ನು ಬರೆಯುವುದು?" ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಕೇಳುವವರಲ್ಲಿ ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನೌಕರರಿದ್ದಾರೆ, ಕೆಲಸದಿಂದ ನಿವೃತ್ತರಾದವರಿದ್ದಾರೆ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಹೇಗೋ ಒಂದು ಗಂಟೆಯ ಬಿಡುವು ಉಳಿಸಿಕೊಂಡ ಗೃಹಿಣಿಯರಿದ್ದಾರೆ. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರಿಸುವುದಕ್ಕಿಂತ, ನಾನು ಹಲವು ವರ್ಷಗಳಿಂದ ಅನುಸರಿಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸುವುದು ಒಳ್ಳೆಯದೆನಿಸಿತು.

ಕ್ರಮ ಸರಳವಾದದ್ದು: ಮನೆಗೆ ಹತ್ತಿರದ ಒಂದು ಸಾಮಾನ್ಯ ಜಾಗಕ್ಕೆ, ಒಂದೇ ಹೊತ್ತಿಗೆ, 14 ದಿನ ಬಿಡದೆ ಹೋಗಿ, ಕಂಡದ್ದನ್ನು ಬರೆದಿಡುವುದು. ಹದಿನಾಲ್ಕೇ ಏಕೆ ಎಂದರೆ, ನಮ್ಮ ರೈತರ ಮಳೆಯ ಲೆಕ್ಕ ಹಾಗಿದೆ. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆಂದು ಪಂಚಾಂಗ ಎಣಿಸುತ್ತದೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರೇ ನಿಲ್ಲುತ್ತದೆ. ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರ, ಅದರ ಹಿಂದೆಯೇ ಆರಿದ್ರಾ, ಹೀಗೆ ಅಕ್ಟೋಬರಿನ ಚಿತ್ತೆ, ಸ್ವಾತಿಗಳವರೆಗೆ ಸಾಲು ಸಾಗುತ್ತದೆ. "ಕುರುಡು ಚಿತ್ತೆ ಎರಚಿದತ್ತ ಬೆಳೆ" ಎಂಬ ಗಾದೆಯನ್ನು ಕಟ್ಟಿದವರು ಆ ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲವನ್ನು ಬಿಟ್ಟು ಹೋಗುವುದನ್ನು ವರ್ಷಗಟ್ಟಲೆ ನೋಡಿದವರೇ ಇರಬೇಕು. ತಿಂಗಳು ತೀರಾ ದೀರ್ಘ, ವಾರ ತೀರಾ ಚಿಕ್ಕದು. ಒಂದು ಜಾಗ ಬದಲಾಗುವುದನ್ನು ಕಣ್ಣಾರೆ ಕಾಣಲು ಒಂದು ಮಳೆಯ ಅವಧಿ ಸರಿಯಾದ ಅಳತೆ ಎಂಬುದು ನನ್ನ ಅನುಭವ. ಬೇಸಿಗೆಯಲ್ಲಿ ಆರಂಭಿಸಿದರೂ ಅಡ್ಡಿಯಿಲ್ಲ, ಲೆಕ್ಕ ಅದೇ ಇರಲಿ.

ಬೇಕಾಗುವ ಸಾಮಗ್ರಿ

ಅಂಗಿಯ ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಹಿಡಿಸುವ ನೂರು ಪುಟದ ಒಂದು ಪುಸ್ತಕ, ಒಂದು ಪೆನ್ಸಿಲ್, ದಿನಕ್ಕೆ 20 ನಿಮಿಷ. ಪೆನ್ನಿಗಿಂತ ಪೆನ್ಸಿಲ್ ಉತ್ತಮವೆನ್ನುವುದಕ್ಕೆ ಕಾರಣ ತುಂತುರು ಮಳೆ: ಜೆಲ್ ಪೆನ್ನಿನ ಶಾಯಿ ಒಂದು ಹನಿಗೇ ಹರಡಿಕೊಳ್ಳುತ್ತದೆ, ಪೆನ್ಸಿಲಿನ ಗುರುತು ಉಳಿಯುತ್ತದೆ. ಗಟ್ಟಿ ರಟ್ಟಿನ, ಚರ್ಮದ ಹೊದಿಕೆಯ ದುಬಾರಿ ಪುಸ್ತಕ ಕೊಳ್ಳಬೇಡಿ. ಅಂಥ ಪುಸ್ತಕದ ಮೊದಲ ಪುಟವನ್ನು ಕೆಡಿಸಲು ಧೈರ್ಯ ಬಾರದೆ ಆರು ತಿಂಗಳು ಹಾಗೆಯೇ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಮೊಬೈಲ್ ಫೋನ್ ಜೊತೆಯಲ್ಲಿರಬಹುದು, ಆದರೆ ಜೇಬಿನಿಂದ ಹೊರಬರಬಾರದು. ಫೋಟೊ ತೆಗೆದ ಕೂಡಲೇ ನೋಡುವ ಕೆಲಸ ಮುಗಿಯಿತೆಂದು ಮನಸ್ಸು ಕೈಚೆಲ್ಲುತ್ತದೆ, ಆಮೇಲೆ ಆ ಫೋಟೊವನ್ನು ನಾವು ತೆರೆಯುವುದೂ ಇಲ್ಲ. ಹದಿನಾಲ್ಕನೆಯ ದಿನ ಬೇಕಿದ್ದರೆ ಒಂದೇ ಒಂದು ಫೋಟೊ ತೆಗೆಯಿರಿ.

ಹಂತ 1: ಜಾಗವನ್ನು ಆರಿಸುವುದು

ಮನೆಯಿಂದಲೋ ಕೆಲಸದ ಸ್ಥಳದಿಂದಲೋ ಹತ್ತು ನಿಮಿಷದ ನಡಿಗೆಯೊಳಗೆ ಸಿಗುವ, ಇಪ್ಪತ್ತು ನಿಮಿಷ ನಿಂತರೆ ಅಥವಾ ಕುಳಿತರೆ ಯಾರೂ ಅನುಮಾನದಿಂದ ನೋಡದ, ಚಲಿಸುವ ಏನಾದರೊಂದು ಇರುವ ಜಾಗವನ್ನು ಆರಿಸಿಕೊಳ್ಳಿ. ಬಡಾವಣೆಯ ಹಾಲಿನ ಬೂತಿನ ಎದುರಿನ ಕಟ್ಟೆ, ಬಸ್ ನಿಲ್ದಾಣದ ಕೊನೆಯ ಬೆಂಚು, ವಿಶ್ವೇಶ್ವರಯ್ಯ ನಾಲೆಯ ಒಂದು ಸೇತುವೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಯಾರೂ ಫೋಟೊ ತೆಗೆಸಿಕೊಳ್ಳದ ಒಂದು ತಿರುವು, ಇವೆಲ್ಲವೂ ಆದೀತು. ಮನೆಯಿಂದ ಹೊರಡಲಾಗದವರಿಗೆ ಜಗಲಿ, ತಾರಸಿ ಅಥವಾ ಅಡುಗೆಮನೆಯ ಕಿಟಕಿ ಸಾಕು. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಜನಸಂಚಾರವಿರುವ ಜಾಗವನ್ನೂ ಬೆಳಕಿರುವ ಹೊತ್ತನ್ನೂ ಆರಿಸಿಕೊಳ್ಳುವುದು ಕ್ಷೇಮ. ನಾಲೆಯ ದಡದಲ್ಲಿ ಯಾರೇ ಆಗಲಿ ನೀರಿಗೆ ಇಳಿಯುವ ಮೆಟ್ಟಿಲ ಮೇಲೆ ಕೂರಬಾರದು, ಏಕೆಂದರೆ ಕಾಲುವೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜೋರಾಗಿರುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ, ಅರಮನೆಯ ಮುಂಭಾಗವನ್ನೋ ಬೃಂದಾವನದ ಕಾರಂಜಿಯನ್ನೋ ಬೆಟ್ಟದ ನಂದಿಯನ್ನೋ ಆರಿಸಿಕೊಳ್ಳುವುದು. ಅವು ನೋಡಲು ತಕ್ಕ ಸ್ಥಳಗಳೇ ಹೌದು. ಆದರೆ ಅವನ್ನು ಕುರಿತು ಇತರರು ಹೇಳಿದ ಮಾತುಗಳು ನಮ್ಮ ತಲೆಯಲ್ಲಿ ಆಗಲೇ ತುಂಬಿರುವುದರಿಂದ, ನಾವು ಬರೆಯುವುದು ನಾವು ಕಂಡದ್ದಾಗಿರದೆ ಪೋಸ್ಟ್‌ಕಾರ್ಡಿನ ಹಿಂಬದಿಯ ಸಾಲಾಗಿರುತ್ತದೆ. ಚಾಮುಂಡಿ ಬೆಟ್ಟದ ಬುಡದಲ್ಲೇ ನಿಮ್ಮ ಮನೆಯಿದ್ದರೆ ಮೆಟ್ಟಿಲುಗಳನ್ನು ಬಿಡಬೇಕೆಂದಿಲ್ಲ. ಸಾವಿರ ಮೆಟ್ಟಿಲುಗಳಲ್ಲಿ ಒಂದನ್ನು, ಹತ್ತುವವರು ಮೊದಲ ಸಲ ದಣಿದು ನಿಲ್ಲುವ ಜಾಗವನ್ನು, ಆರಿಸಿಕೊಳ್ಳಿ. ಯಾರು ಎಲ್ಲಿ ನಿಲ್ಲುತ್ತಾರೆ, ನಿಂತಾಗ ಮೇಲೆ ನೋಡುತ್ತಾರೋ ಕೆಳಗೆ ನೋಡುತ್ತಾರೋ, ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತ ಬರುವವರು ಬಾಗುವಾಗ ಯಾವ ಕೈಯನ್ನು ಮೊಣಕಾಲಿಗೆ ಊರುತ್ತಾರೆ ಎಂಬುದಷ್ಟನ್ನೇ ನೋಡಿದರೂ ಹದಿನಾಲ್ಕು ದಿನ ಸಾಲದು.

ಹಂತ 2: ಇಪ್ಪತ್ತು ನಿಮಿಷದ ಅನುಕ್ರಮ

ತಲುಪಿದ ಕೂಡಲೇ ಮೊದಲು ಮೂಗಿಗೆ ಬಂದದ್ದನ್ನು ಬರೆಯಿರಿ. ಇದಕ್ಕೊಂದು ಕಾರಣವಿದೆ. ಒಂದೇ ವಾಸನೆ ಬಿಡದೆ ತಾಗುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಗುರುತಿಸುವುದನ್ನು ನಿಲ್ಲಿಸುತ್ತದೆ; ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಕಾಲಿಟ್ಟಾಗ ಮುಖಕ್ಕೆ ರಾಚಿದ ಮಲ್ಲಿಗೆಯ ಗಂಧ ಸಾಲಿನ ಕೊನೆ ತಲುಪುವಷ್ಟರಲ್ಲಿ ತಿಳಿಯದಂತಾಗುವುದು ಇದರಿಂದಲೇ. ಹೀಗೆ ಇಂದ್ರಿಯವು ಅಭ್ಯಾಸಕ್ಕೆ ಬಿದ್ದು ಮಂಕಾಗುವುದಕ್ಕೆ ಒಗ್ಗಿಕೊಳ್ಳುವಿಕೆ ಎನ್ನುತ್ತಾರೆ. ದಿನಗಳು ಒಂದೇ ರೀತಿ ಕಾಣುವುದಕ್ಕೂ ಹೆಚ್ಚುಕಡಿಮೆ ಇದೇ ಕಾರಣ, ಮತ್ತು ಈ ಲೇಖನದ ಉಳಿದೆಲ್ಲ ಹಂತಗಳೂ ಇದಕ್ಕೆ ಪರಿಹಾರವೆಂದೇ ತಿಳಿಯಿರಿ.

ಮೂಗಿನ ಬಳಿಕ ಕಿವಿ. ಕಣ್ಣು ಮುಚ್ಚಿ, ಅಥವಾ ಕಣ್ಣು ಮುಚ್ಚಲು ಸಂಕೋಚವಾದರೆ ನೆಲ ನೋಡುತ್ತ, ಐದು ನಿಮಿಷ ಕೇಳಿಸಿಕೊಳ್ಳಿ. ಅತಿ ದೂರದ ಸದ್ದು ಯಾವುದು, ಅತಿ ಹತ್ತಿರದ್ದು ಯಾವುದು, ನಿಂತು ನಿಂತು ಬರುವುದು ಯಾವುದು ಎಂದು ಗುರುತು ಹಾಕಿ. ಆಮೇಲೆ ಚರ್ಮಕ್ಕೆ ತಿಳಿಯುವುದು: ಗಾಳಿ ಯಾವ ಕೆನ್ನೆಗೆ ತಾಗುತ್ತಿದೆ, ಕುಳಿತ ಕಲ್ಲು ಬೆಚ್ಚಗಿದೆಯೋ ತಣ್ಣಗಿದೆಯೋ. ಕಣ್ಣಿಗೆ ಕೊನೆಯ ಹತ್ತು ನಿಮಿಷ ಸಾಕು. ಕಣ್ಣನ್ನು ಮೊದಲೇ ಬಿಟ್ಟರೆ ಅದು ಉಳಿದವರಿಗೆ ಮಾತನಾಡಲು ಅವಕಾಶವನ್ನೇ ಕೊಡುವುದಿಲ್ಲ.

ಚಿತ್ರ ಬಿಡಿಸುವವರು ಈ ಹತ್ತು ನಿಮಿಷದಲ್ಲಿ ಒಂದು ಅಭ್ಯಾಸವನ್ನು ಮಾಡಬಹುದು. ಕಲಾಶಾಲೆಗಳಲ್ಲಿ ಇದನ್ನು ಬ್ಲೈಂಡ್ ಕಾಂಟೂರ್ ಎಂದು ಕರೆಯುತ್ತಾರೆ. ನೋಡುತ್ತಿರುವ ವಸ್ತುವಿನ ಅಂಚಿನ ಮೇಲೆ ಕಣ್ಣು ಇರುವೆಯಂತೆ ನಿಧಾನವಾಗಿ ಸಾಗುತ್ತಿರುವಾಗ, ಕಾಗದವನ್ನು ನೋಡದೆಯೇ ಕೈ ಅದೇ ವೇಗದಲ್ಲಿ ಗೆರೆ ಎಳೆಯುತ್ತ ಹೋಗುವುದು ಎಂದು ಅರ್ಥ. ಬರುವ ಚಿತ್ರ ಸೊಟ್ಟಗಿರುತ್ತದೆ, ಇರಲಿ. ನಮ್ಮ ತಲೆಯಲ್ಲಿರುವ ಸೈಕಲ್ಲಿನ ಬದಲು ಎದುರಿಗಿರುವ ಸೈಕಲ್ಲು ಕಾಗದಕ್ಕೆ ಇಳಿಯುತ್ತದೆ.

ಹಂತ 3: ಬರೆಯುವ ಬಗೆ

ದಿನಕ್ಕೆ ಒಂದು ಪುಟ. ಮೇಲೆ ದಿನಾಂಕ, ಹೊತ್ತು, ಮಳೆಯ ಹೆಸರು. ಕೆಳಗೆ ಕಂಡದ್ದು ಮಾತ್ರ. ಈ ಹಂತದಲ್ಲಿ ನಾನು ಕೆಲವು ಪದಗಳನ್ನು ಕಡ್ಡಾಯವಾಗಿ ನಿಷೇಧಿಸುತ್ತೇನೆ: ಸುಂದರ, ಅದ್ಭುತ, ಮನಮೋಹಕ, ರಮಣೀಯ, ಹಿತವಾದ. ನನ್ನ ಮೊದಲ ಪುಸ್ತಕದ ಹನ್ನೊಂದು ಪುಟಗಳಲ್ಲಿ "ಸುಂದರ ಮುಂಜಾನೆ" ಎಂದಿದೆ, ಮತ್ತು ಆ ಹನ್ನೊಂದು ಮುಂಜಾನೆಗಳಲ್ಲಿ ಒಂದೂ ಈಗ ನೆನಪಿಗೆ ಬರುವುದಿಲ್ಲ. ಗುಣವಾಚಕದ ಬದಲು ಎಣಿಕೆ, ಅಳತೆ ಮತ್ತು ಕ್ರಿಯೆಯನ್ನು ಬರೆಯಿರಿ. ಉದಾಹರಣೆಗೆ, "ನಾಲೆ ಬೆಳಗಿನ ಬೆಳಕಿನಲ್ಲಿ ಸುಂದರವಾಗಿತ್ತು" ಎನ್ನುವ ಜಾಗದಲ್ಲಿ ಹೀಗೆ ಬರೆಯಬಹುದು:

"ಬೆಳಗ್ಗೆ 6.40. ನೀರು ನಿನ್ನೆಗಿಂತ ಒಂದು ಗೇಣು ಕೆಳಗೆ. ತೇಲಿ ಬಂದದ್ದು ಮೂರು ತೆಂಗಿನ ಗರಿ, ಒಂದು ನೀಲಿ ಚಪ್ಪಲಿ, ಅರ್ಧ ಹಾರ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಯಾರೂ ಇಲ್ಲ, ನೊರೆ ಮಾತ್ರ ಇದೆ."

ಎರಡನೆಯ ಬಗೆಯ ಬರಹದಲ್ಲಿ ಒಂದು ಕಥೆ ಆಗಲೇ ಕಾಲು ಚಾಚಿ ಕುಳಿತಿದೆ. ನೊರೆ ಒಣಗಿಲ್ಲವೆಂದರೆ ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ. ಚಪ್ಪಲಿ ಒಂದೇ ಬಂದಿದೆ. ನೀರು ಇಳಿದಿದೆಯೆಂದರೆ ಮೇಲೆ ಎಲ್ಲಿಯೋ ತೂಬು, ಅಂದರೆ ನೀರು ಬಿಡುವ ಬಾಗಿಲು, ಮುಚ್ಚಿದೆ. ಮಂಡ್ಯದ ಓದುಗರಿಗೆ ಇದು ಕೇವಲ ದೃಶ್ಯವಾಗಿರುವುದೂ ಇಲ್ಲ. ಕೃಷ್ಣರಾಜಸಾಗರದಿಂದ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಎಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಡುವಾಗ ಆ ಒಂದು ಗೇಣಿನ ಹಿಂದೆ ಭತ್ತದ ಗದ್ದೆಯ ಗತಿಯೇ ನಿಂತಿರುತ್ತದೆ. ನಿಮ್ಮ ಪುಟದಲ್ಲಿ ಇಷ್ಟೆಲ್ಲವನ್ನೂ ವಿವರಿಸಬೇಕಾಗಿಲ್ಲ. ಅಳತೆಯನ್ನು ಬರೆದಿಟ್ಟರೆ ಸಾಕು, ಅರ್ಥ ತಾನಾಗಿ ಹುಡುಕಿಕೊಂಡು ಬರುತ್ತದೆ.

ಸಾಮಾನ್ಯ ತಪ್ಪುಗಳು ಎರಡು. ಮೊದಲನೆಯದು, ಮನೆಗೆ ಬಂದು ನೆನಪಿನಿಂದ ಬರೆಯುವುದು. ಮನೆಯ ಬಾಗಿಲು ದಾಟುವಷ್ಟರಲ್ಲಿ ಮೂರು ಗರಿ "ಕೆಲವು ಗರಿ" ಆಗಿರುತ್ತದೆ. ಎರಡನೆಯದು, ಮೊದಲ ದಿನವೇ ಅದನ್ನು ಕವನವಾಗಿಸಲು ಹೊರಡುವುದು. ಹಸಿ ಇಟ್ಟಿಗೆಯಿಂದ ಗೋಡೆ ಕಟ್ಟಿದಂತಾಗುತ್ತದೆ. ಆರನೆಯ ಹಂತದವರೆಗೆ ತಾಳ್ಮೆಯಿರಲಿ.

ಹಂತ 4: ಹೆಸರುಗಳನ್ನು ಕೇಳಿ ತಿಳಿಯುವುದು

ಮೂರು ನಾಲ್ಕು ದಿನವಾದ ಮೇಲೆ ಒಂದು ತೊಡಕು ಎದುರಾಗುತ್ತದೆ. ಕಣ್ಣಿಗೆ ಕಾಣುತ್ತಿದೆ, ಹೆಸರು ಗೊತ್ತಿಲ್ಲ. "ಆ ಮರ", "ಆ ಹಕ್ಕಿ", "ಅದೊಂದು ಉಪಕರಣ" ಎಂದು ಪುಟ ತುಂಬತೊಡಗುತ್ತದೆ. ನನ್ನ ಪ್ರಕಾರ ಇಡೀ ಕ್ರಮದಲ್ಲಿ ಅತಿ ಹೆಚ್ಚು ಸಂತೋಷ ಸಿಗುವುದು ಈ ತೊಡಕನ್ನು ಬಿಡಿಸಿಕೊಳ್ಳುವಾಗ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹೆಸರುಗಳು ಇರುವುದು ಕೆಲಸ ಮಾಡುವವರ ಬಾಯಲ್ಲಿ. ಹೂವಿನ ಅಂಗಡಿಯ ಮುಂದೆ ನಿಂತರೆ ಮೊಳ, ಮಾರು ಎಂಬ ಎರಡು ಅಳತೆಗಳು ಕಿವಿಗೆ ಬೀಳುತ್ತವೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ ಮೊಳ, ಎರಡು ಕೈಯನ್ನೂ ಚಾಚಿದ ಉದ್ದ ಮಾರು. ಕೈ ಉದ್ದವಿರುವವರ ಹತ್ತಿರವೇ ಹೂವು ಕೊಳ್ಳಬೇಕೆಂದು ನಮ್ಮ ಮನೆಯ ಹಿರಿಯರು ತಮಾಷೆ ಮಾಡುತ್ತಿದ್ದದ್ದು ಈ ಲೆಕ್ಕದ ಮೇಲೆ. ದಿನದ ಮೊದಲ ವ್ಯಾಪಾರಕ್ಕೆ ಬೋಣಿ, ಅಳೆದು ಮುಗಿಸಿದ ಮೇಲೆ ಬೆಲೆಯಿಲ್ಲದೆ ಸೇರಿಸಿಕೊಡುವ ಚೂರಿಗೆ ಕೊಸರು. ಈ ಎರಡು ಪದ ಗೊತ್ತಿದ್ದವರಿಗೆ ಮಾರುಕಟ್ಟೆಯಲ್ಲಿ ಕಾಣಿಸುವ ಸಂಗತಿಗಳು, ಗೊತ್ತಿಲ್ಲದವರ ಕಣ್ಣೆದುರಿಗೇ ನಡೆದರೂ ಕಾಣಿಸುವುದಿಲ್ಲ.

ಮಂಡ್ಯ ಸೀಮೆಯಲ್ಲಿರುವವರಿಗೆ ಆಲೆಮನೆಗಿಂತ ದೊಡ್ಡ ಪಾಠಶಾಲೆಯಿಲ್ಲ. ಅಲ್ಲಿ ಹಾಲು ಎಂದರೆ ಕಬ್ಬಿನ ರಸ. ಗಾಣದಲ್ಲಿ ಕಬ್ಬು ಹಿಂಡಿ ಬಂದ ಆ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಮೇಲೆ ಬರುವ ಕಲ್ಮಶದ ನೊರೆಯನ್ನು ತೆಗೆಯುತ್ತ ಹೋಗುತ್ತಾರೆ. ರಸ ಹಿಂಡಿದ ಸಿಪ್ಪೆಯನ್ನು ಒಣಗಿಸಿ ಅದನ್ನೇ ಒಲೆಗೆ ಹಾಕುತ್ತಾರೆ, ಅಂದರೆ ಕಬ್ಬು ಬೇಯುವುದು ಕಬ್ಬಿನ ಉರಿಯಲ್ಲೇ. ಪಾಕ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಅನುಭವಿ ಕೆಲಸಗಾರರು ಗುಳ್ಳೆ ಒಡೆಯುವ ರೀತಿಯಿಂದ, ತುಸು ಪಾಕವನ್ನು ತಣ್ಣೀರಿಗೆ ಬಿಟ್ಟು ಅದು ಗಟ್ಟಿಯಾಗುವ ರೀತಿಯಿಂದ ತಿಳಿಯುತ್ತಾರೆ. ಹದ ಎಂಬ ಆ ಒಂದು ಪದವನ್ನು ಬೆಲ್ಲಕ್ಕೂ ಮಣ್ಣಿಗೂ ಹಿಟ್ಟಿಗೂ ಮಾತಿಗೂ ನಾವು ಬಳಸುತ್ತೇವೆಂಬುದನ್ನು ಗಮನಿಸಿದರೆ, ಪುಸ್ತಕದ ಒಂದು ಪುಟ ಅಲ್ಲಿಯೇ ತುಂಬುತ್ತದೆ.

ಅಡುಗೆಮನೆಯ ಕಿಟಕಿಯನ್ನು ಆರಿಸಿಕೊಂಡವರು ತಾವು ಬಡವರೆಂದು ಭಾವಿಸಬೇಕಾಗಿಲ್ಲ. ಎಸರು ಇಡುವುದು, ಹಿಟ್ಟು ಹಾಕುವುದು, ಕೋಲಿನಿಂದ ತೊಳಸುವುದು, ಮುದ್ದೆ ಕಟ್ಟುವುದು, ಪ್ರತಿಯೊಂದಕ್ಕೂ ಅದರದೇ ಕ್ರಿಯಾಪದವಿದೆ, ಪ್ರತಿಯೊಂದಕ್ಕೂ ಅದರದೇ ಸದ್ದಿದೆ. ಗಂಟಾದ ಮುದ್ದೆಯನ್ನು ತೊಳಸುವ ಸದ್ದಿಗೂ ಸರಿಯಾಗಿ ಬೆಂದದ್ದರ ಸದ್ದಿಗೂ ಇರುವ ವ್ಯತ್ಯಾಸವನ್ನು ಎರಡು ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ ನೋಡಿ. ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಹಕ್ಕಿ ಮರಗಳ ಕನ್ನಡ ಹೆಸರುಗಳನ್ನೂ ಕಲಿಯಿರಿ. ಕೆರೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ನೀರುಕಾಗೆ, ಕೊಕ್ಕಿನ ಕೆಳಗೆ ಚೀಲವಿರುವುದು ಹೆಜ್ಜಾರ್ಲೆ, ಉಳುಮೆಯ ಹಿಂದೆ ನಡೆಯುವ ಬಿಳಿ ಹಕ್ಕಿ ಗೋವಕ್ಕಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆ ಊರಿನವರಿಗೆ ಅದು ವಿಶೇಷವಲ್ಲ, ಅಂಗಳದ ಸಂಗತಿ.

ಕೇಳುವ ರೀತಿಯ ಬಗ್ಗೆ ಎಚ್ಚರಿಕೆ ಅಗತ್ಯ. ಬೋಣಿಯಾಗುವ ಮೊದಲು ಅಂಗಡಿಯವರನ್ನು ಮಾತಿಗೆಳೆಯಬೇಡಿ. ಕೊಪ್ಪರಿಗೆ ಇಳಿಸುವ ಹೊತ್ತಿನಲ್ಲಿ ಆಲೆಮನೆಯವರನ್ನು ಪ್ರಶ್ನಿಸುವುದು ಅಪಾಯಕರವೂ ಹೌದು, ಅವಿವೇಕವೂ ಹೌದು. ಪುಸ್ತಕ ತೆರೆದು ಪೆನ್ಸಿಲ್ ಹಿಡಿದು ಎದುರು ನಿಂತರೆ ನಿಮ್ಮನ್ನು ಯಾವುದೋ ಇಲಾಖೆಯವರೆಂದು ತಿಳಿದು ಜನ ಮಾತು ನಿಲ್ಲಿಸುತ್ತಾರೆ, ಆದ್ದರಿಂದ ಮೊದಲು ಏನಾದರೂ ಕೊಂಡು, "ಅಕ್ಕಾ, ಈ ಗಂಟಿಗೆ ಏನಂತೀರಾ?" ಎಂದೋ "ಯಜಮಾನ್ರೇ, ಇದ್ಯಾವ ಮರ?" ಎಂದೋ ಸಹಜವಾಗಿ ಕೇಳಿ, ಪಕ್ಕಕ್ಕೆ ಬಂದ ಮೇಲೆ ಬರೆದುಕೊಳ್ಳಿ. ಉತ್ತರ ಕೊಟ್ಟವರ ಹೆಸರನ್ನಾಗಲಿ ಅವರ ಮನೆಯ ಕಷ್ಟಸುಖವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಬರಹಕ್ಕೆ ತರಬಾರದು. ಪದವನ್ನು ಪಡೆಯಬಹುದು, ಬದುಕನ್ನು ಎತ್ತಿಕೊಂಡು ಬರುವ ಹಕ್ಕು ನಮಗಿಲ್ಲ.

ಹಂತ 5: ದಿನಕ್ಕೊಂದು ಪ್ರಶ್ನೆ

ಐದನೆಯ ದಿನದಿಂದ ಪುಟದ ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಬರೆಯಿರಿ. "ಏಕೆ" ಅಥವಾ "ಹೇಗೆ" ಎಂದು ಆರಂಭವಾಗುವ, ಆ ದಿನ ಕಂಡ ವಸ್ತುವಿಗೇ ಸಂಬಂಧಿಸಿದ ಪ್ರಶ್ನೆಯಾಗಿರಬೇಕು. "ಜೀವನವೆಂದರೇನು" ಎಂಬಂಥದ್ದು ಬೇಡ. ಬೆಳಗ್ಗೆ ಬಿಗಿಯಾದ ಮೊಗ್ಗಾಗಿ ಕೊಂಡ ಮಲ್ಲಿಗೆ ಸಂಜೆ ದೇವರ ಮುಂದೆ ಅರಳುವುದೇಕೆ? ಮಳೆಮರದ ಎಲೆಗಳು ಮೋಡ ಕವಿದಾಗ ಮಡಚಿಕೊಳ್ಳುವುದೇಕೆ? ಗೋವಕ್ಕಿ ಎಮ್ಮೆಯ ಕಾಲ ಬಳಿಯೇ ಸುಳಿದಾಡುವುದೇಕೆ?

ಉತ್ತರವನ್ನು ಕೂಡಲೇ ಫೋನಿನಲ್ಲಿ ಹುಡುಕಬೇಡಿ. ಮೂರು ದಿನ ಪ್ರಶ್ನೆಯನ್ನು ಇಟ್ಟುಕೊಂಡು, ನಿಮ್ಮದೇ ಊಹೆಯನ್ನು ಬರೆದು, ಆಮೇಲೆ ತಿಳಿದವರನ್ನೋ ಪುಸ್ತಕವನ್ನೋ ಕೇಳಿ. ಗೋವಕ್ಕಿಯ ಉತ್ತರ ನೀವೇ ಕಾಣಬಹುದಾದದ್ದು: ಎಮ್ಮೆ ಹೆಜ್ಜೆ ಇಟ್ಟಾಗ ಹುಲ್ಲಿನಿಂದ ಹಾರುವ ಹುಳುಗಳು ಅದರ ಊಟ. ಮಳೆಮರದ್ದು ತುಸು ಆಳದ್ದು. ಎಲೆಯ ಬುಡದಲ್ಲಿರುವ ಉಬ್ಬಿದ ಕೀಲಿನಂಥ ಭಾಗದೊಳಗೆ ನೀರಿನ ಒತ್ತಡ ಬದಲಾಗಿ ಎಲೆ ಮಡಚಿಕೊಳ್ಳುತ್ತದೆ, ಸಂಜೆಗೂ ಹಾಗೆಯೇ ಮಡಚಿ ಬೆಳಗ್ಗೆ ಬಿಡಿಸಿಕೊಳ್ಳುತ್ತದೆ. ಈ ಮರ ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು ಎಂದು ತಿಳಿದ ದಿನ, ನಾನು ನಮ್ಮೂರಿನದೇ ಎಂದು ಬರೆದಿದ್ದ ನಾಲ್ಕು ಪುಟಗಳನ್ನು ತಿದ್ದಬೇಕಾಯಿತು. ಮೊದಲ ಮಳೆಯ ಮಣ್ಣಿನ ವಾಸನೆಯ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಬರೆಯುತ್ತಾರೆ. ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕವು ಹನಿ ಬಿದ್ದ ರಭಸಕ್ಕೆ ಗಾಳಿಗೆ ಸೇರುವುದು ಅದಕ್ಕೆ ಮುಖ್ಯ ಕಾರಣ, ಮತ್ತು ಮನುಷ್ಯನ ಮೂಗು ಅದನ್ನು ಅತಿ ಅಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲದು. ಕಾರಣ ತಿಳಿದರೆ ಕಾವ್ಯ ಕೆಡುತ್ತದೆಂದು ಹಲವರು ಆಕ್ಷೇಪಿಸುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಕಾರಣ ತಿಳಿದ ಮೇಲೆ ಬರೆದ ಮಳೆಯ ಸಾಲುಗಳಲ್ಲಿ ಬೇಸಿಗೆಯ ಮಣ್ಣೂ ಬಂದು ಸೇರಿತು.

ದಿನಗಳು ಒಂದೇ ರೀತಿ ಎಂಬ ದೂರು ಸಾಮಾನ್ಯವಾಗಿ ಕರಗುವುದು ಈ ಹಂತದಲ್ಲಿ. ಉತ್ತರ ಸಿಗದ ಪ್ರಶ್ನೆಯೊಂದು ಪುಸ್ತಕದಲ್ಲಿದ್ದರೆ, ನಾಳೆ ಬೆಳಗ್ಗೆ ಅಲ್ಲಿಗೆ ಹೋಗಲು ಒಂದು ನೆಪ ಸಿಕ್ಕಿರುತ್ತದೆ.

ಹಂತ 6: ಹದಿನಾಲ್ಕನೆಯ ದಿನ

ಈ ದಿನ ಹೊಸದನ್ನು ಬರೆಯಬೇಡಿ. ಹದಿಮೂರು ಪುಟಗಳನ್ನೂ ಒಂದೇ ಕೂರಿನಲ್ಲಿ, ಸಾಧ್ಯವಾದರೆ ಗಟ್ಟಿಯಾಗಿ, ಓದಿ. ಓದುವಾಗ ನಾಲಿಗೆ ತಾನಾಗಿ ನಿಂತ ಸಾಲುಗಳಿಗೆ ಮಾತ್ರ ಗುರುತು ಹಾಕಿ. ಚೆನ್ನಾಗಿದೆ ಎಂದು ಬುದ್ಧಿ ಹೇಳಿದ ಸಾಲುಗಳಿಗೆ ಬೇಡ. ಐದಾರು ಸಾಲು ಸಿಕ್ಕರೆ ಅದು ಒಳ್ಳೆಯ ಫಸಲು.

ಇನ್ನು ಜೋಡಿಸುವ ಕೆಲಸ. ಗುರುತು ಹಾಕಿದವುಗಳಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡನ್ನು ಆರಿಸಿ, ಒಂದರ ಪಕ್ಕದಲ್ಲಿ ಒಂದನ್ನು ಬರೆಯಿರಿ. ನನ್ನ ಪುಸ್ತಕದಿಂದಲೇ ಒಂದು ಜೋಡಿಯನ್ನು ಕೊಡುತ್ತೇನೆ. ಮೂರನೆಯ ದಿನದ ಸಾಲು: "ಟೀ ಅಂಗಡಿಯವರು ಬೆಳಗಿನ ಮೊದಲ ಲೋಟವನ್ನು ರಸ್ತೆಗೆ ಚೆಲ್ಲಿದರು." ಹನ್ನೊಂದನೆಯ ದಿನದ ಸಾಲು: "ಹೂವಿನವರು ಕೊನೆಯ ತುಂಡನ್ನು ಅಳೆಯದೆ ಕೊಟ್ಟು ಬುಟ್ಟಿ ಕವುಚಿದರು." ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ಸಂಗತಿ ಹೊಳೆಯಿತು: ದಿನದ ಆರಂಭದಲ್ಲೂ ಅಂತ್ಯದಲ್ಲೂ ಲೆಕ್ಕಕ್ಕೆ ಸಿಗದ ಒಂದು ಪಾಲಿದೆ, ನಡುವೆ ಇರುವುದಷ್ಟೇ ವ್ಯಾಪಾರ. ಕೊಸರು ಎಂಬ ಪದ ಆಗಲೇ ಪುಸ್ತಕದಲ್ಲಿದ್ದುದರಿಂದ ಬರಹಕ್ಕೆ ಶೀರ್ಷಿಕೆಯನ್ನು ಹುಡುಕುವ ಶ್ರಮವೂ ಉಳಿಯಿತು. ಎರಡು ಸಾಲುಗಳಲ್ಲಿ ಯಾವುದೊಂದನ್ನು ಮಾತ್ರ ಇಟ್ಟುಕೊಂಡು ಎಷ್ಟು ಹೊತ್ತು ಕುಳಿತಿದ್ದರೂ ಆ ಲೇಖನ ಬರುತ್ತಿರಲಿಲ್ಲ.

ಬರುವ ರೂಪ ಲೇಖನವೇ ಆಗಬೇಕೆಂದಿಲ್ಲ. ನಾಲ್ಕು ಸಾಲಿನ ಪದ್ಯ, ಊರಿನಲ್ಲಿರುವ ಅಕ್ಕನಿಗೆ ಒಂದು ಕಾಗದ, ಹಬ್ಬದ ಅಂಗಳಕ್ಕೆ ಹೊಸ ರಂಗೋಲಿ, ದಸರೆಯ ಗೊಂಬೆಗಳ ಕೆಳಗಿನ ಸಾಲಿನಲ್ಲಿ ನಿಮ್ಮ ಬಸ್ ನಿಲ್ದಾಣದ್ದೇ ಒಂದು ಪುಟ್ಟ ಮಾದರಿ, ಯಾವುದಾದರೂ ಆಗಬಹುದು. ರೂಪ ಚಿಕ್ಕದಾಗಿರಲಿ, ಅದೇ ವಾರದಲ್ಲಿ ಮುಗಿಯುವಂಥದ್ದಾಗಿರಲಿ. ಮೊದಲ ಸುತ್ತಿನಲ್ಲೇ ಕಾದಂಬರಿಗೆ ಕೈಹಾಕಿದವರ ಪುಸ್ತಕ ಎರಡನೆಯ ಸುತ್ತಿಗೆ ತೆರೆಯುವುದೇ ಇಲ್ಲ. ಮುಗಿಸಿದ್ದನ್ನು ಒಬ್ಬರಿಗೆ ಓದಿ ಹೇಳಿ ಅಥವಾ ತೋರಿಸಿ. ಹತ್ತು ಜನರ ವಾಟ್ಸಾಪ್ ಗುಂಪಿಗೆ ಕಳುಹಿಸುವುದನ್ನು ಸದ್ಯಕ್ಕೆ ಮುಂದೂಡಿ. ಹೆಬ್ಬೆರಳಿನ ಚಿತ್ರಗಳನ್ನು ಎಣಿಸುವ ಗೀಳು ಹತ್ತಿದರೆ, ಮರುದಿನದಿಂದ ಕಣ್ಣು ನಾಲೆಯನ್ನು ಬಿಟ್ಟು ಆ ಗುಂಪಿಗೆ ಮೆಚ್ಚುಗೆಯಾಗುವುದನ್ನು ಹುಡುಕತೊಡಗುತ್ತದೆ.

ನಡುವೆ ನಿಂತುಹೋದರೆ

ಆರು ಅಥವಾ ಏಳನೆಯ ದಿನ ಬೇಸರ ಬರುವುದು ಸಹಜ. ಮೊದಲ ಕುತೂಹಲ ಆಗಲೇ ಮುಗಿದಿರುತ್ತದೆ. ಆ ದಿನ ಜಾಗವನ್ನು ಬದಲಿಸಬೇಡಿ, ದಿಕ್ಕನ್ನು ಬದಲಿಸಿ: ರಸ್ತೆ ನೋಡುತ್ತಿದ್ದವರು ಗೋಡೆ ನೋಡಿ, ನಿಂತು ನೋಡುತ್ತಿದ್ದವರು ಮಗುವಿನ ಎತ್ತರಕ್ಕೆ ಕುಳಿತು ನೋಡಿ. ಏನೂ ಸಿಗದಿದ್ದರೆ "ಇಂದು ಏನೂ ಇಲ್ಲ" ಎಂದು ಬರೆದು, ನಿನ್ನೆ ಇದ್ದು ಇಂದು ಇಲ್ಲದ್ದು ಯಾವುದೆಂದು ಎಣಿಸಿ. ಒಂದು ದಿನ ತಪ್ಪಿದರೆ ಪುಟವನ್ನು ಖಾಲಿ ಬಿಟ್ಟು ಮುಂದುವರಿಯಿರಿ, ಆದರೆ ನೆನಪಿನಿಂದ ತುಂಬಿಸಬೇಡಿ. ಎರಡು ದಿನ ತಪ್ಪಿದರೂ ಹೊಸದಾಗಿ ಆರಂಭಿಸಬೇಕಾಗಿಲ್ಲ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ ಇದೆ. ಬೇಸರವೇ ಬೇರೆ, ಯಾವುದರಲ್ಲೂ ರುಚಿಯಿಲ್ಲದ ಸ್ಥಿತಿಯೇ ಬೇರೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರೆ, ಊಟ ಏರುಪೇರಾಗಿ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಇಷ್ಟವಾಗದೆ ಉಳಿದಿದ್ದರೆ, ಅದು ಪುಸ್ತಕ ಪೆನ್ಸಿಲಿನಿಂದ ಸರಿಪಡಿಸುವ ವಿಷಯವಲ್ಲ. ವೈದ್ಯರನ್ನು ಕಾಣಬೇಕು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎರಡನೆಯ ಸುತ್ತು

ಮೊದಲ ಸುತ್ತು ಮುಗಿದ ಮೇಲೆ ಬೇರೆ ಜಾಗಕ್ಕೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಅದೇ ಜಾಗವನ್ನು ಇಟ್ಟುಕೊಂಡು ಹೊತ್ತನ್ನು ಮಾತ್ರ ಬದಲಿಸಿರೆಂಬುದು ನನ್ನ ಸಲಹೆ. ಬೆಳಗ್ಗೆ ಹೋಗುತ್ತಿದ್ದವರು ಸಂಜೆ ಹೋಗಿ. ಹಾಲಿನ ಬೂತಿನ ಎದುರಿನ ಅದೇ ಕಟ್ಟೆಯ ಮೇಲೆ ಬೆಳಗಿನ ಚೀಲಗಳ ಬದಲು ಸಂಜೆ ಯಾರು ಕುಳಿತಿರುತ್ತಾರೆ, ಅವರು ಯಾರಿಗಾಗಿ ಜಾಗ ಹಿಡಿದಿರುತ್ತಾರೆ ಎಂಬುದು ನಿಮಗೆ ಇನ್ನೂ ಗೊತ್ತಿಲ್ಲ. ಹೊಸ ಪುಟದ ಮೇಲೆ ಮುಂದಿನ ಮಳೆಯ ಹೆಸರು ಬರೆದು, ಹಿಂದಿನ ಸುತ್ತಿನಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಅದರ ಕೆಳಗೆ ಮೊದಲೇ ಇಳಿಸಿಕೊಂಡು ಹೊರಡಿ.